ಪುಟದ ಹಿಂಬದಿ

1

ವಿಮರ್ಶೆಯೆಂದರೆ ಕಥೆ, ಕಾವ್ಯ, ನಾಟಕಗಳನ್ನು ಕುರಿತದ್ದೇ ಆಗಬೇಕೆಂಬ ತಿಳುವಳಿಕೆ ನಮ್ಮಲ್ಲಿ ಬೇರೂರಿದೆ. ಆದರೆ ದಿನಕ್ಕೆ ನೂರು ಸಲ ಕೈಗೆತ್ತಿಕೊಳ್ಳುವ ಉಪಕರಣವೊಂದನ್ನು ಎದುರಿಗಿಟ್ಟುಕೊಂಡು, ಇದು ನಮಗೆ ಏನನ್ನು ತೋರಿಸುತ್ತದೆ, ಏನನ್ನು ಮುಚ್ಚಿಡುತ್ತದೆ ಎಂದು ಕೇಳುವುದೂ ವಿಮರ್ಶೆಯ ಕೆಲಸವೇ ಎಂದು ನಾನು ನಂಬಿದ್ದೇನೆ. ಈ ಬರಹದ ವಸ್ತು ಮೊಬೈಲು ಫೋನಿನ ಬ್ರೌಸರು. ಇನ್ನೂ ನಿರ್ದಿಷ್ಟವಾಗಿ ಹೇಳುವುದಾದರೆ, ಆ ಬ್ರೌಸರಿನಲ್ಲಿ ಇರಬೇಕಾಗಿದ್ದೂ ಇಲ್ಲದಿರುವ ಒಂದು ಕಿಟಕಿ.

ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡುವವರಿಗೆ ಈ ಕಿಟಕಿ ಪರಿಚಿತ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಯಾವುದೇ ಇರಲಿ, ಒಂದು ಪುಟವನ್ನು ತೆರೆದು ಮೌಸಿನ ಬಲಗುಂಡಿ ಒತ್ತಿ ‘ಇನ್‌ಸ್ಪೆಕ್ಟ್’ ಎಂಬುದನ್ನು ಆರಿಸಿದರೆ ಪಕ್ಕದಲ್ಲಿ ಒಂದು ಫಲಕ ತೆರೆದುಕೊಳ್ಳುತ್ತದೆ. ಪುಟ ಯಾವ ಯಾವ ತುಂಡುಗಳಿಂದ ಕೂಡಿದೆ, ಯಾವ ಅಕ್ಷರಕ್ಕೆ ಯಾವ ಅಳತೆ, ಯಾವ ಬಣ್ಣ ಯಾವ ನಿಯಮದಿಂದ ಬಂತು, ಎಲ್ಲಿ ದೋಷ ಸಂಭವಿಸಿತು, ಯಾವ ಚಿತ್ರ ಎಷ್ಟು ಕೆಬಿ ತೂಕದ್ದು, ಅದು ಬರಲು ಎಷ್ಟು ಹೊತ್ತು ಹಿಡಿಯಿತು, ಇವೆಲ್ಲವನ್ನೂ ಅಲ್ಲಿ ಓದಬಹುದು. ಓದುವುದಷ್ಟೇ ಅಲ್ಲ, ತಿದ್ದಿ ನೋಡಲೂಬಹುದು. ತಿದ್ದಿದ್ದು ನಮ್ಮ ಪರದೆಯ ಮೇಲೆ ಮಾತ್ರ. ಪುಟವನ್ನು ಮತ್ತೆ ತೆರೆದರೆ ಮೂಲ ಮೊದಲಿನಂತೆಯೇ ಇರುತ್ತದೆ. ಹೀಗಾಗಿ ಕೆಡಿಸುವ ಭಯವಿಲ್ಲದೆ ಕೈಯಾಡಿಸಿ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಕಸುಬಿನವರು ಇದನ್ನು ‘ಡೆವಲಪರ್ ಟೂಲ್ಸ್’ ಎನ್ನುತ್ತಾರೆ.

ಅದೇ ಪುಟವನ್ನು, ಅದೇ ಹೆಸರಿನ ಬ್ರೌಸರಿನಲ್ಲಿ, ಫೋನಿನಲ್ಲಿ ತೆರೆಯಿರಿ. ಈ ಕಿಟಕಿ ಇರುವುದಿಲ್ಲ. ಬೆರಳನ್ನು ಒತ್ತಿ ಹಿಡಿದರೆ ನಕಲು ಮಾಡು, ಹಂಚು, ಹುಡುಕು ಎಂಬ ಮಾತುಗಳು ಬರುತ್ತವೆ. ಒಳಗೆ ನೋಡು ಎಂಬ ಮಾತು ಬರುವುದಿಲ್ಲ. ಮೆನುವಿನ ತಳದವರೆಗೂ ಇಳಿದು ಹುಡುಕಿದರೂ ಸಿಗುವುದಿಲ್ಲ. ಕೋಟ್ಯಂತರ ಜನ ಬಳಸುವ ಉಪಕರಣದಲ್ಲಿ ಈ ಒಂದು ಸೌಲಭ್ಯ ಇಲ್ಲದಿರುವುದು ಸಣ್ಣ ಸಂಗತಿಯೆಂದು ತೋರಬಹುದು. ಅದು ಸಣ್ಣ ಸಂಗತಿಯಲ್ಲ ಎಂಬುದು ನನ್ನ ವಾದ.

2

ಜಾಲದ ಇತಿಹಾಸವನ್ನು ತುಸು ನೆನಪಿಸಿಕೊಂಡರೆ ಈ ಕೊರತೆಯ ಅರ್ಥ ಸ್ಪಷ್ಟವಾಗುತ್ತದೆ. 1990ರಲ್ಲಿ ಟಿಮ್ ಬರ್ನರ್ಸ್-ಲೀ ಬರೆದ ಮೊಟ್ಟಮೊದಲ ಬ್ರೌಸರು ಕೇವಲ ಓದುವ ಯಂತ್ರವಾಗಿರಲಿಲ್ಲ. ಬರೆಯುವ ಯಂತ್ರವೂ ಆಗಿತ್ತು. ಓದುವವನು ಬೇರೆ, ಬರೆಯುವವನು ಬೇರೆ ಎಂಬ ಭೇದ ಆ ಕಲ್ಪನೆಯಲ್ಲಿ ಇರಲಿಲ್ಲ. 1993ರಲ್ಲಿ ಮೊಸಾಯಿಕ್ ಬಂದು ಜಾಲ ಜನರ ಕೈಗೆ ಸಿಕ್ಕಾಗ ಬರೆಯುವ ಭಾಗ ಹಿಂದೆ ಸರಿಯಿತು. ಆದರೆ ಪುಟದ ಮೂಲವನ್ನು ತೆರೆದು ತೋರಿಸುವ ‘ವ್ಯೂ ಸೋರ್ಸ್’ ಎಂಬ ಸಾಲು ಮೆನುವಿನಲ್ಲಿ ಉಳಿದುಕೊಂಡಿತು. ಆ ಒಂದು ಸಾಲು ಮಾಡಿದ ಉಪಕಾರವನ್ನು ಅಳೆಯುವುದು ಕಷ್ಟ. ಶಾಲೆಯಿಲ್ಲದೆ, ಗುರುವಿಲ್ಲದೆ, ಪುಸ್ತಕವೂ ಇಲ್ಲದೆ ಜಾಲದ ಕಸುಬು ಜಗತ್ತಿನ ತುಂಬ ಹರಡಿದ್ದು ಅದರಿಂದ. ಚೆಂದದ ಪುಟವೊಂದನ್ನು ಕಂಡವನು ಅದರ ಮೂಲವನ್ನು ತೆರೆದ, ನಕಲು ಮಾಡಿಕೊಂಡ, ಒಂದು ಸಾಲನ್ನು ಬದಲಿಸಿದ, ಕೆಟ್ಟಿತು, ಇನ್ನೊಂದು ರೀತಿಯಲ್ಲಿ ಬದಲಿಸಿದ, ಬಂತು. ಕನ್ನಡದಲ್ಲಿ ಬ್ಲಾಗುಗಳು ಹುಟ್ಟಿಕೊಂಡ ದಿನಗಳಲ್ಲಿ ಟೆಂಪ್ಲೇಟಿನೊಳಗೆ ಕೈಹಾಕಿ ಅಕ್ಷರ ದಪ್ಪ ಮಾಡಿದವರು, ಪಕ್ಕದಲ್ಲೊಂದು ಪಟ್ಟಿ ಇಳಿಸಿದವರು, ಅವರಲ್ಲಿ ಎಷ್ಟೋ ಮಂದಿ ಮೇಷ್ಟರು, ಗುಮಾಸ್ತರು, ಗೃಹಿಣಿಯರು ಕಲಿತದ್ದು ಹೀಗೆಯೇ.

2006ರಲ್ಲಿ ಜೋ ಹೆವಿಟ್ ಎಂಬಾತ ಫೈರ್‌ಫಾಕ್ಸಿಗೆ ‘ಫೈರ್‌ಬಗ್’ ಎಂಬ ಸೇರ್ಪಡೆಯನ್ನು ಬರೆದುಕೊಟ್ಟ. ವ್ಯೂ ಸೋರ್ಸ್ ತೋರಿಸುತ್ತಿದ್ದುದು ಸರ್ವರಿನಿಂದ ಬಂದ ಪಠ್ಯವನ್ನು ಮಾತ್ರ. ಫೈರ್‌ಬಗ್ ತೋರಿಸಿದ್ದು ಪರದೆಯ ಮೇಲೆ ಆ ಕ್ಷಣದಲ್ಲಿ ಜೀವಂತವಾಗಿದ್ದ ಪುಟವನ್ನು. ಅದು ಎಷ್ಟು ಮಂದಿಗೆ ಬೇಕಾಯಿತೆಂದರೆ, ಮುಂದೆ ಎಲ್ಲ ಬ್ರೌಸರುಗಳೂ ಅಂಥದೊಂದನ್ನು ತಮ್ಮೊಳಗೇ ಕಟ್ಟಿಕೊಂಡವು. ಫೈರ್‌ಬಗ್ 2017ರಲ್ಲಿ ನಿಂತುಹೋಯಿತು. ಅದರ ಕೆಲಸ ಎಲ್ಲರ ಕೆಲಸವಾಗಿತ್ತು. ಹಾಗಾಗಿ ಆ ಸಾವು ದುಃಖದ್ದಲ್ಲ.

ಸರಿಯಾಗಿ ಇದೇ ಹೊತ್ತಿಗೆ ನಮ್ಮ ದೇಶದಲ್ಲಿ ಇನ್ನೊಂದು ಸಂಗತಿ ನಡೆಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಕಂಪ್ಯೂಟರನ್ನು ಒಮ್ಮೆಯೂ ಮುಟ್ಟದ ಮನೆಗಳಿಗೆ ಜಾಲ ನೇರವಾಗಿ ಫೋನಿನ ಮೂಲಕ ಇಳಿಯಿತು. ಈ ಮನೆಗಳಿಗೆ ಜಾಲವೆಂದರೆ ಫೋನೇ. ಹೀಗೆ ಹೊಸಬರು ದೊಡ್ಡ ಸಂಖ್ಯೆಯಲ್ಲಿ ಒಳಗೆ ಬಂದ ಬಾಗಿಲಿನಲ್ಲಿ ಮಾತ್ರ, ಹಳಬರಿಗೆಲ್ಲ ಇದ್ದ ಆ ಕಿಟಕಿ ಇರಲಿಲ್ಲ. ಜಾಲ ಹೆಚ್ಚು ಜನರದ್ದಾಯಿತು. ಅದರ ಒಳಗು ಮಾತ್ರ ಮೊದಲಿನಷ್ಟೇ ಜನರದ್ದಾಗಿ ಉಳಿಯಿತು.

3

ನಮ್ಮ ಧಾರವಾಡದ ಕಡೆಯ ಕಸೂತಿಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟು. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಮುಂಬದಿ ಹಿಂಬದಿ ಎರಡೂ ಒಂದೇ. ಗಂಟು ಕಾಣಕೂಡದು. ನೇಗಿ, ಮೆಂತೆಗಳಲ್ಲಿ ಹಿಂಬದಿಯ ರೂಪ ಬೇರೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸಿಯೇ ಹೊಲಿಯಬೇಕು. ಕಲಿಯಲು ಬಂದ ಹುಡುಗಿಗೆ ನಮ್ಮ ಓಣಿಯ ಅಜ್ಜಿಯೊಬ್ಬರು ಹೇಳುತ್ತಿದ್ದ ಮಾತು ನನಗೆ ನೆನಪಿದೆ: “ಮುಂದಿಂದೇನ ನೋಡ್ತಿಯವ್ವಾ, ಹಿಂದ ತಿರುವಿ ನೋಡು.” ಸೂಜಿ ಎಲ್ಲಿ ಒಳಹೊಕ್ಕಿತು, ಎಲ್ಲಿ ಹೊರಬಂತು, ಎಲ್ಲಿ ತಿರುಗಿತು ಎಂಬುದು ತಿಳಿಯಬೇಕಾದರೆ ಬಟ್ಟೆಯನ್ನು ತಿರುವಲೇಬೇಕು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆಯ ಸೆರಗನ್ನು ನೋಡಿ ಸಂತೋಷಪಡಬಹುದು, ಕಸೂತಿ ಕಲಿಯಲಾಗದು.

ಫೋನಿನ ಬ್ರೌಸರು ಜಾಲದ ಪುಟವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದೆ. ತಿರುವಿ ನೋಡಬೇಕೆಂದವನಿಗೆ, ಮೊದಲು ಕಂಪ್ಯೂಟರು ತೆಗೆದುಕೊಂಡು ಬಾ ಎನ್ನುತ್ತದೆ.

4

ಇದು ಕಲಿಯುವವರ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಪುಟಗಳನ್ನು ಬರಿದೆ ಬಳಸುವವರ ಪ್ರಶ್ನೆಯೂ ಇದರಲ್ಲಿದೆ. ಎರಡು ಉದಾಹರಣೆ ಕೊಡುತ್ತೇನೆ.

ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಯನ್ನು ಫೋನಿನಲ್ಲೇ ತುಂಬಿದಳು. ಮೂರು ಪುಟಗಳ ಅರ್ಜಿ. ಕೊನೆಗೆ ಬಂದು ನಿಂತಳು. “ಸರ್, ಎಲ್ಲಾ ತುಂಬೇನ್ರಿ, ಸಬ್‌ಮಿಟ್ ಮಾಡೂ ಬಟನ್ನೇ ಕಾಣವಲ್ದು” ಎಂದಳು. ಸಹಾಯವಾಣಿಗೆ ಕರೆ ಮಾಡಿದಾಗ ಬಂದ ಉತ್ತರ, “ನಮ್ಮಲ್ಲಿ ಸರಿಯಾಗಿ ಬರ್ತಾ ಇದೆ, ಕಂಪ್ಯೂಟರಿನಲ್ಲಿ ಹಾಕಿ.” ಅವರು ಸುಳ್ಳು ಹೇಳಲಿಲ್ಲ. ಕಂಪ್ಯೂಟರಿನಲ್ಲಿ ಅದು ನಿಜಕ್ಕೂ ಸರಿಯಾಗಿ ಬರುತ್ತಿತ್ತು. ಹುಡುಗಿ ಸೈಬರ್ ಸೆಂಟರಿಗೆ ಹೋಗಿ, ಸರದಿಯಲ್ಲಿ ನಿಂತು, ದುಡ್ಡು ಕೊಟ್ಟು ಮತ್ತೆ ಮೂರು ಪುಟ ತುಂಬಿಸಿದಳು.

ಅವಳ ಫೋನನ್ನು ಕೇಬಲ್ಲಿನಿಂದ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಒಳಗೆ ನೋಡಿದಾಗ ಕಾರಣ ಸಿಕ್ಕಿತು. ಪುಟದ ಎತ್ತರವನ್ನು ‘100 ವಿಎಚ್’ ಎಂದು ಬರೆದಿದ್ದರು. ಎಂದರೆ ಪರದೆಯ ಪೂರ್ಣ ಎತ್ತರ. ಹೊರಗಿನ ಪುಟ ಸರಿಯದಂತೆ ತಡೆಯನ್ನೂ ಹಾಕಿದ್ದರು. ಫೋನಿನಲ್ಲಿ ಮೇಲ್ಗಡೆ ವಿಳಾಸದ ಪಟ್ಟಿಯೊಂದು ಇರುತ್ತದೆ. ಅದು ಒಮ್ಮೆ ಇರುತ್ತದೆ, ಒಮ್ಮೆ ಅಡಗುತ್ತದೆ. ವಿಎಚ್ ಎಂಬ ಅಳತೆ ಆ ಪಟ್ಟಿ ಅಡಗಿದಾಗಿನ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಪುಟ ಸರಿಯದಿದ್ದರೆ ಪಟ್ಟಿ ಅಡಗುವುದಿಲ್ಲ. ಪಟ್ಟಿ ಅಡಗದಿದ್ದರೆ ಅಷ್ಟೇ ಎತ್ತರದ ಭಾಗ ಕೆಳಗೆ ಪರದೆಯ ಆಚೆ ಉಳಿಯುತ್ತದೆ. ಗುಂಡಿ ಇದ್ದದ್ದು ಅಲ್ಲಿ. ಈ ತೊಂದರೆಗೆಂದೇ ‘ಡಿವಿಎಚ್’ ಎಂಬ ಹೊಸ ಅಳತೆ ಬಂದಿದ್ದು, 2022ರ ಕೊನೆಯ ಹೊತ್ತಿಗೆ ಮುಖ್ಯ ಬ್ರೌಸರುಗಳೆಲ್ಲ ಅದನ್ನು ಒಪ್ಪಿಕೊಂಡಿದ್ದವು. ಒಂದು ಅಕ್ಷರ ಸೇರಿಸಿದ್ದರೆ ಮುಗಿಯುತ್ತಿತ್ತು. ಆ ಒಂದು ಅಕ್ಷರ ಇಲ್ಲವೆಂದು ಹೇಳುವ ಸಾಮರ್ಥ್ಯ ಹುಡುಗಿಗೆ ಇರಲಿಲ್ಲವೆಂದಲ್ಲ. ಅವಳು ನಮ್ಮ ತರಗತಿಯಲ್ಲಿ ಇದನ್ನು ಓದಿದವಳೇ. ನೋಡುವ ಸಾಧನ ಅವಳ ಕೈಯಲ್ಲಿರಲಿಲ್ಲ.

ಎರಡನೆಯದು ಕನ್ನಡಕ್ಕೆ ಸಂಬಂಧಿಸಿದ್ದು. ಸುದ್ದಿಯ ಪುಟಗಳಲ್ಲಿ ತಲೆಬರಹವನ್ನು ಎರಡು ಸಾಲಿಗೆ ಕತ್ತರಿಸಿ ಚೌಕದೊಳಗೆ ಕೂರಿಸುವ ರೂಢಿ ಇದೆ. ಸಾಲಿನ ಎತ್ತರವನ್ನು ರೋಮನ್ ಅಕ್ಷರದ ಅಂದಾಜಿನಲ್ಲಿ ನಿಗದಿ ಮಾಡಿರುತ್ತಾರೆ. ಇಂಗ್ಲಿಷಿನ ಅಕ್ಷರ ಸಾಲಿನ ಕೆಳಗೆ ಇಳಿಯುವುದು ಕಡಿಮೆ. ನಮ್ಮದು ಹಾಗಲ್ಲ. ‘ರಾಷ್ಟ್ರ’ ಎಂದು ಬರೆದರೆ ಒತ್ತಿನ ಪಕ್ಕ ಇನ್ನೊಂದು ಒತ್ತು ಇಳಿಯುತ್ತದೆ; ‘ಸ್ತ್ರೀ’ ಎಂದರೂ ಅಷ್ಟೇ. ಚೌಕ ಚಿಕ್ಕದಾದರೆ ಕೊನೆಯ ಸಾಲಿನ ಒತ್ತಕ್ಷರಗಳ ತಳ ಕತ್ತರಿಸಿಹೋಗುತ್ತದೆ. ವಿನ್ಯಾಸಗಾರ ಇದನ್ನು ತನ್ನ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರೂ ಕಾಣದೆ ಹೋಗಬಹುದು. ಏಕೆಂದರೆ ಪುಟದ ಜೊತೆಗೇ ಅಕ್ಷರರೂಪವನ್ನು ಕಳಿಸದಿದ್ದರೆ ವಿಂಡೋಸಿನಲ್ಲಿ ಕನ್ನಡವನ್ನು ಮೂಡಿಸುವುದು ನಿರ್ಮಲಾ ಅಥವಾ ತುಂಗಾ. ಆಂಡ್ರಾಯ್ಡಿನ ಬಹಳಷ್ಟು ಫೋನುಗಳಲ್ಲಿ ಮೂಡಿಸುವುದು ನೋಟೊ. ಒಂದೊಂದರ ಎತ್ತರ, ಇಳಿತ ಒಂದೊಂದು ಬಗೆ. ಕಂಪ್ಯೂಟರಿನ ಬ್ರೌಸರಿನೊಳಗೆ ಫೋನಿನ ಅಳತೆಯ ಚೌಕಟ್ಟನ್ನು ತೋರಿಸುವ ಅನುಕೂಲವಿದೆ, ನಿಜ. ಆದರೆ ಅದು ಅಂದಾಜು ಮಾತ್ರವೆಂದು ಕ್ರೋಮ್ ತಂಡದ ಕೈಪಿಡಿಯೇ ಹೇಳುತ್ತದೆ. ಚೌಕಟ್ಟು ಫೋನಿನದು, ಅಕ್ಷರ ಕಂಪ್ಯೂಟರಿನದು.

ಕತ್ತರಿಸಿದ ಒತ್ತನ್ನು ಕಣ್ಣಾರೆ ಕಾಣುವವನು ಫೋನು ಹಿಡಿದ ಕನ್ನಡದ ಓದುಗ ಒಬ್ಬನೇ. ಅವನಿಗೆ ತಲೆಬರಹದ ಮೇಲೆ ಬೆರಳಿಟ್ಟು, ಸಾಲಿನ ಎತ್ತರ 1.2 ಇರುವುದನ್ನು 1.6 ಮಾಡಿ, ಒತ್ತು ಪೂರ್ತಿ ಕಂಡದ್ದನ್ನು ಖಚಿತಪಡಿಸಿಕೊಂಡು, ಸಂಪಾದಕರಿಗೆ ಎರಡು ಸಾಲು ಬರೆಯುವ ಅವಕಾಶವಿದ್ದರೆ? ಈಗ ಅವನು ಬರೆಯಬಹುದಾದದ್ದು “ನಿಮ್ಮ ಪುಟದಲ್ಲಿ ಅಕ್ಷರ ಸರಿಯಾಗಿ ಕಾಣಿಸುತ್ತಿಲ್ಲ” ಎಂಬಷ್ಟೇ. ಅದಕ್ಕೆ ಬರುವ ಉತ್ತರ ನಮಗೆ ಗೊತ್ತಿರುವಂಥದೇ: ನಮ್ಮಲ್ಲಿ ಸರಿಯಾಗಿ ಬರುತ್ತಿದೆ.

ದೂರು ಕೊಡುವವನ ಕೈಯಲ್ಲಿ ಸಾಕ್ಷ್ಯವಿಲ್ಲದಂತೆ ಮಾಡಿದರೆ ದೂರು ತಾನಾಗಿಯೇ ಸೋಲುತ್ತದೆ. ಹುನ್ನಾರವಿಲ್ಲದೆಯೂ, ಉಪಕರಣದ ರಚನೆಯಿಂದಲೇ ಇಂಥ ಸೋಲು ಸಂಭವಿಸುತ್ತದೆ ಎಂಬುದನ್ನು ಗಮನಿಸಬೇಕು.

5

ಹಾಗಾದರೆ ಫೋನಿನಲ್ಲಿ ಏನೂ ಇಲ್ಲವೇ? ಇವೆ, ಒಂದೊಂದನ್ನೂ ನ್ಯಾಯವಾಗಿ ನೋಡೋಣ.

ಮೊದಲನೆಯದು ಕೇಬಲ್ಲಿನ ದಾರಿ. ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸಿಗೆ ಹೋಗಿ ‘ಬಿಲ್ಡ್ ನಂಬರ್’ ಎಂಬುದರ ಮೇಲೆ ಏಳು ಸಲ ಬೆರಳು ಕುಟ್ಟಬೇಕು. ಆಗ ಡೆವಲಪರುಗಳಿಗೆಂದು ಬೇರೆಯೇ ಒಂದು ಮೆನು ತೆರೆಯುತ್ತದೆ. ಅಲ್ಲಿ ಯುಎಸ್‌ಬಿ ಡಿಬಗ್ಗಿಂಗನ್ನು ಒಪ್ಪಿಕೊಂಡು, ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿದರೆ, ಫೋನಿನ ಪುಟವನ್ನು ಕಂಪ್ಯೂಟರಿನ ಕ್ರೋಮಿನಲ್ಲಿ ಬಿಚ್ಚಿ ನೋಡಬಹುದು. ಕಸುಬಿನವರಿಗೆ ಇದು ಅತ್ಯುತ್ತಮ. ಐಫೋನಿನಲ್ಲಿಯೂ ದಾರಿಯಿದೆ, ಆದರೆ ಅದಕ್ಕೆ ಆ್ಯಪಲ್ ಕಂಪೆನಿಯದೇ ಮ್ಯಾಕ್ ಬೇಕು. ವಿಚಿತ್ರವೆಂದರೆ, ಮೊದಮೊದಲ ಐಫೋನುಗಳ ಸಫಾರಿಯಲ್ಲಿ ದೋಷಗಳನ್ನು ಪರದೆಯ ಮೇಲೆಯೇ ತೋರಿಸುವ ಪುಟ್ಟ ‘ಡಿಬಗ್ ಕನ್ಸೋಲ್’ ಇತ್ತು. 2012ರಲ್ಲಿ ಐಒಎಸ್ 6 ಬಂದಾಗ ಅದನ್ನು ತೆಗೆದು, ಬದಲಿಗೆ ಮ್ಯಾಕಿನಿಂದ ನೋಡುವ ವ್ಯವಸ್ಥೆಯನ್ನು ಕೊಟ್ಟರು. ಹೊಸ ವ್ಯವಸ್ಥೆ ಹಳೆಯದಕ್ಕಿಂತ ಎಷ್ಟೋ ಪಾಲು ಶಕ್ತವಾದದ್ದು. ಆದರೆ ಬಡವನ ಕೈಗೆ ಎಟಕುತ್ತಿದ್ದ ಚಿಕ್ಕದನ್ನು ಕಿತ್ತುಕೊಂಡು, ಉಳ್ಳವನಿಗೆ ದೊಡ್ಡದನ್ನು ಕೊಟ್ಟಂತಾಯಿತು. ಐಫೋನಿನಲ್ಲಿ ಬೇರೆ ಬ್ರೌಸರನ್ನು ಹಾಕಿಕೊಂಡರೂ ಪ್ರಯೋಜನವಿರಲಿಲ್ಲ. ಹೆಸರು ಯಾವುದಿದ್ದರೂ ಒಳಗಿನ ಎಂಜಿನ್ನು ಆ್ಯಪಲ್ಲಿನ ವೆಬ್‌ಕಿಟ್ಟೇ ಆಗಿರಬೇಕೆಂಬ ನಿಯಮ. 2024ರ ಮಾರ್ಚಿನಲ್ಲಿ ಯುರೋಪಿನ ಒಕ್ಕೂಟದ ಕಾನೂನಿಗೆ ಮಣಿದು ಅಲ್ಲಿನವರಿಗೆ ಅದನ್ನು ಸಡಿಲಿಸಿದರು.

ಎರಡನೆಯದು ವಿಳಾಸದ ಪಟ್ಟಿಯಲ್ಲಿ ‘ವ್ಯೂ-ಸೋರ್ಸ್’ ಎಂದು ಮುಂದೆ ಸೇರಿಸಿ ಬರೆಯುವ ದಾರಿ. ಆಂಡ್ರಾಯ್ಡಿನ ಕ್ರೋಮಿನಲ್ಲಿ ಇದು ನಡೆಯುತ್ತದೆ. ಮೆನುವಿನಲ್ಲಿ ಎಲ್ಲಿಯೂ ಬರೆದಿಲ್ಲವಾದ್ದರಿಂದ ಯಾರಾದರೂ ಹೇಳಿದರಷ್ಟೇ ತಿಳಿಯುವ ಗುಟ್ಟು. ಆದರೆ ಇವತ್ತಿನ ಪುಟಗಳಲ್ಲಿ ಹಲವು ಹೀಗೆ ತೆರೆದರೆ ಬರಿಗೈಯಲ್ಲಿ ಕಳಿಸುತ್ತವೆ. ಸರ್ವರು ಕಳಿಸಿದ್ದು ಖಾಲಿ ಪೆಟ್ಟಿಗೆ. ಅದರೊಳಗೆ ತುಂಬುವ ಕೆಲಸವನ್ನು ಜಾವಾಸ್ಕ್ರಿಪ್ಟ್ ಆಮೇಲೆ ಮಾಡುತ್ತದೆ. ಮೂಲ ಪಠ್ಯವನ್ನು ನೋಡಿದವನಿಗೆ ಖಾಲಿ ಪೆಟ್ಟಿಗೆಯೂ, ಉಸಿರು ಬಿಡದೆ ಒಂದೇ ಸಾಲಿನಲ್ಲಿ ಒತ್ತಿ ತುಂಬಿದ ಕೋಡೂ ಕಾಣುತ್ತವೆ. 1993ರ ಕಿಟಕಿಯಿಂದ ಈ ಕಾಲದ ಮನೆಯ ಒಳಗು ಕಾಣದು.

ಮೂರನೆಯದು ‘ಎರುಡಾ’, ‘ವಿಕನ್ಸೋಲ್’ ಮೊದಲಾದ ಸೇರ್ಪಡೆಗಳು. ವಿಕನ್ಸೋಲ್ ಚೀನಾದ ಟೆನ್ಸೆಂಟ್ ಕಂಪೆನಿಯವರದು. ಎರುಡಾ ಕೂಡ ಚೀನಾದಿಂದಲೇ ಬಂದದ್ದು. ಜಾಲವೆಲ್ಲ ಫೋನಿನಲ್ಲೇ ನಡೆಯುವ ದೇಶದಲ್ಲಿ ಇಂಥವು ಹುಟ್ಟಿದ್ದು ಸಹಜ. ಪುಟದೊಳಗೆ ಒಂದು ಸಾಲು ಸೇರಿಸಿದರೆ ಮೂಲೆಯಲ್ಲೊಂದು ಗುಂಡಿ ಮೂಡುತ್ತದೆ. ಒತ್ತಿದರೆ ಫೋನಿನ ಅಗಲಕ್ಕೆ ತಕ್ಕಂತೆ ರೂಪಿಸಿದ ಫಲಕ ಏಳುತ್ತದೆ: ಕನ್ಸೋಲು, ಪುಟದ ಅಂಗಗಳು, ಜಾಲದಿಂದ ಬಂದ ಸಾಮಗ್ರಿ ಇತ್ಯಾದಿ. ನಮ್ಮ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಎರುಡಾವನ್ನೇ. ತಮ್ಮದೇ ಪುಟವನ್ನು ಫೋನಿನಲ್ಲಿ ಬರೆದು, ಫೋನಿನಲ್ಲೇ ತಿದ್ದುವವರಿಗೆ ಅದು ದೊಡ್ಡ ಆಸರೆ. ಆದರೆ ಅದರ ಮಿತಿಯೂ ಅದರ ಹುಟ್ಟಿನಲ್ಲೇ ಇದೆ. ಅದು ಪುಟದ ಹೊರಗೆ ನಿಂತು ನೋಡುವುದಿಲ್ಲ. ಪುಟದ ಒಳಗೆ, ಪುಟದ ಭಾಗವಾಗಿ ಇರುತ್ತದೆ. ಪುಟ ಸ್ತಬ್ಧವಾದರೆ ಅದೂ ಸ್ತಬ್ಧ. ಅದು ಬರುವುದಕ್ಕಿಂತ ಮುಂಚೆ ನಡೆದದ್ದು ಅದಕ್ಕೆ ತಿಳಿಯದು. ಪರರ ಪುಟದಲ್ಲಿ ಹೊರಗಿನ ಸ್ಕ್ರಿಪ್ಟಿಗೆ ತಡೆಯಿದ್ದರೆ ಒಳಗೇ ಬರಲಾಗದು. ರೋಗಿಯೂ ವೈದ್ಯನೂ ಒಂದೇ ದೇಹದಲ್ಲಿರುವ ಪರಿಸ್ಥಿತಿ.

ನಾಲ್ಕನೆಯದು ‘ಕಿವಿ’ ಎಂಬ ಬ್ರೌಸರು. ಕ್ರೋಮಿನ ತಳಹದಿಯ ಮೇಲೆಯೇ ಕಟ್ಟಿದ ಇದರಲ್ಲಿ ನಿಜವಾದ ಡೆವಲಪರ್ ಟೂಲ್ಸ್ ಫೋನಿನಲ್ಲೇ ತೆರೆಯುತ್ತಿತ್ತು. ಕಂಪ್ಯೂಟರಿಲ್ಲದವರ ಪಾಲಿಗೆ ಅದೊಂದು ವರ. ಆದರೆ ಅದು ಮಾಡಿದ್ದು ಕಂಪ್ಯೂಟರಿನ ಫಲಕವನ್ನೇ ಎತ್ತಿ ಫೋನಿನ ಇನ್ನೊಂದು ಟ್ಯಾಬಿನಲ್ಲಿ ಇಟ್ಟದ್ದು. ಎರಡು ಬೆರಳಿಂದ ಹಿಗ್ಗಿಸಿ, ಸರಿಸಿ, ಮತ್ತೆ ಹಿಗ್ಗಿಸಿ ಓದಬೇಕಾಗಿತ್ತು. ಪುಟವನ್ನೂ ಫಲಕವನ್ನೂ ಒಟ್ಟಿಗೆ ನೋಡುವಂತಿರಲಿಲ್ಲ. ಅಷ್ಟಾದರೂ ಜನ ಅದನ್ನು ಪ್ರೀತಿಯಿಂದ ಬಳಸಿದರು. 2025ರ ಜನವರಿಯಲ್ಲಿ ಆ ಬ್ರೌಸರಿನ ಕೆಲಸ ನಿಂತಿತು. ದೊಡ್ಡ ಕಂಪೆನಿಗಳು ಮಾಡದೆ ಬಿಟ್ಟದ್ದನ್ನು ಬಹುಮಟ್ಟಿಗೆ ಒಬ್ಬ ವ್ಯಕ್ತಿಯ ಶ್ರಮ ಮಾಡಿ ತೋರಿಸಿತ್ತು; ಅದಕ್ಕೆ ಎಷ್ಟು ಆಯುಷ್ಯವಿರಬಹುದೋ ಅಷ್ಟೇ ಇತ್ತು.

ಫೋನಿನ ಫೈರ್‌ಫಾಕ್ಸಿನ ಮಾತನ್ನೂ ಸೇರಿಸಬೇಕು. 2020ರಲ್ಲಿ ಅದನ್ನು ಹೊಸದಾಗಿ ಕಟ್ಟಿದಾಗ ಸೇರ್ಪಡೆಗಳು ಬೆರಳೆಣಿಕೆಗೆ ಇಳಿದಿದ್ದವು. 2023ರ ಡಿಸೆಂಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು. ಆದರೆ ಪೂರ್ಣ ಪರಿಶೀಲನೆಗೆ ಅಲ್ಲಿಯೂ ಕಂಪ್ಯೂಟರನ್ನೇ ಜೋಡಿಸಬೇಕು.

6

ಈ ಕೊರತೆಗೆ ಸಾಮಾನ್ಯವಾಗಿ ಕೊಡುವ ಸಮಾಧಾನಗಳು ಮೂರು.

ಪರದೆ ಚಿಕ್ಕದು ಎಂಬುದು ಮೊದಲನೆಯದು. ಮೇಲ್ನೋಟಕ್ಕೆ ಸರಿಯೆನಿಸುವ ಈ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ. ಅದೇ ಚಿಕ್ಕ ಪರದೆಯಲ್ಲಿ ಜನ ವಿಡಿಯೊ ಕತ್ತರಿಸಿ ಜೋಡಿಸುತ್ತಾರೆ, ಲೆಕ್ಕದ ಹಾಳೆ ತುಂಬುತ್ತಾರೆ, ಜಮೀನಿನ ನಕ್ಷೆ ನೋಡುತ್ತಾರೆ. ಆ ಕೆಲಸಗಳಿಗೆ ಫೋನಿಗೆ ತಕ್ಕ ರೂಪವನ್ನು ಯಾರೋ ಕುಳಿತು ಯೋಚಿಸಿದ್ದಾರೆ. ಇದಕ್ಕೂ ಯೋಚಿಸಬಹುದು.

ಫೋನಿಗೆ ಅಷ್ಟು ಶಕ್ತಿಯಿಲ್ಲ ಎಂಬುದು ಎರಡನೆಯದು. ಕೇಬಲ್ಲಿನ ದಾರಿಯನ್ನು ಮತ್ತೆ ನೆನಪಿಸಿಕೊಳ್ಳೋಣ. ಕೇಬಲ್ ಸಿಕ್ಕಿಸಿದಾಗ ಪುಟವನ್ನು ಅಳೆಯುವ, ನಿಯಮಗಳನ್ನು ಎಣಿಸುವ, ದೋಷಗಳನ್ನು ಹಿಡಿಯುವ ಕೆಲಸ ನಡೆಯುವುದು ಫೋನಿನೊಳಗೇ. ಕಂಪ್ಯೂಟರು ಮಾಡುವುದು ಫೋನು ಹೇಳಿದ್ದನ್ನು ಅಂದವಾಗಿ ಹರಡಿ ತೋರಿಸುವ ಕೆಲಸ. ಆ ಫಲಕವಾದರೂ ಏನು? ಕ್ರೋಮಿನಲ್ಲಿ ಅದೂ ಜಾಲದ ಪುಟಗಳನ್ನು ಕಟ್ಟುವ ಭಾಷೆಯಲ್ಲಿಯೇ ಕಟ್ಟಿದ ಒಂದು ಪುಟ. ಎಂದರೆ, ಸಾಕ್ಷ್ಯವೆಲ್ಲ ಆಗಲೇ ಫೋನಿನಲ್ಲಿದೆ. ಅದನ್ನು ಕೇಬಲ್ಲಿನ ಆ ತುದಿಯವನಿಗೆ ಹೇಳಲು ಫೋನು ಸಿದ್ಧವಿದೆ. ಅಂಗೈಯಲ್ಲಿ ಹಿಡಿದವನಿಗೆ ಹೇಳಲು ಸಿದ್ಧವಿಲ್ಲ. ಇದು ಶಕ್ತಿಯ ಪ್ರಶ್ನೆಯಲ್ಲ, ಯಾರಿಗೆ ಹೇಳಬೇಕೆಂಬ ತೀರ್ಮಾನದ ಪ್ರಶ್ನೆ.

ಮೂರನೆಯದು ಸುರಕ್ಷತೆ. ಇದು ಗಂಭೀರವಾದದ್ದು, ಹಗುರವಾಗಿ ತಳ್ಳಿಹಾಕುವಂತಿಲ್ಲ. ‘ಈ ಸಾಲನ್ನು ಅಂಟಿಸಿ, ಬಹುಮಾನ ಬರುತ್ತದೆ’ ಎಂದು ನಂಬಿಸಿ ಜನರ ಖಾತೆಯನ್ನು ಕದಿಯುವ ಮೋಸ ಕಂಪ್ಯೂಟರಿನಲ್ಲಿ ನಡೆದಿದೆ. ಬ್ಯಾಂಕು, ಆಧಾರ್, ಒಟಿಪಿ ಎಲ್ಲವೂ ಇರುವ ಫೋನಿನಲ್ಲಿ ಅದು ಇನ್ನೂ ಅಪಾಯಕರ. ಆದರೆ ಕಂಪ್ಯೂಟರಿನಲ್ಲಿ ಈ ಮೋಸಕ್ಕೆ ಮಾಡಿದ ಉಪಾಯ ಯಾವುದು? ಕಿಟಕಿಯನ್ನು ಮುಚ್ಚಲಿಲ್ಲ. ಫೇಸ್‌ಬುಕ್ ತನ್ನ ಕನ್ಸೋಲಿನಲ್ಲಿ ದೊಡ್ಡ ಅಕ್ಷರಗಳಲ್ಲಿ ‘ನಿಲ್ಲಿ’ ಎಂಬ ಎಚ್ಚರಿಕೆ ಬರೆಯಿತು. ಕ್ರೋಮ್, ಅಂಟಿಸುವ ಮುನ್ನ ಅದಕ್ಕೆ ಒಪ್ಪಿಗೆಯೆಂದು ಕೈಯಾರೆ ಟೈಪು ಮಾಡಿಸಿಕೊಳ್ಳುವ ಕ್ರಮ ತಂದಿತು. ನೋಡುವ ಭಾಗವನ್ನು ಎಲ್ಲರಿಗೂ ಬಿಟ್ಟು, ಕೋಡನ್ನು ಓಡಿಸುವ ಭಾಗಕ್ಕೆ ಮಾತ್ರ ಬೀಗ ಹಾಕಬಹುದು. ಸಾಲಿನ ಎತ್ತರ ಎಷ್ಟೆಂದು ತಿಳಿದುಕೊಂಡದ್ದರಿಂದ ಯಾರ ಖಾತೆಯೂ ಬರಿದಾಗುವುದಿಲ್ಲ.

ಈ ಮೂರರ ಹಿಂದೆ, ಬಾಯಿಬಿಟ್ಟು ಹೇಳದ ನಾಲ್ಕನೆಯದೊಂದಿದೆ: ಇದು ಬೇಕಾದವರ ಬಳಿ ಹೇಗೂ ಕಂಪ್ಯೂಟರು ಇರುತ್ತದೆ. ನಿಜವಾದ ತೊಡಕು ಇದೇ. ಕಟ್ಟುವವರು ಬೇರೆ, ಬಳಸುವವರು ಬೇರೆ ಎಂದು ಮೊದಲೇ ಒಪ್ಪಿಕೊಂಡವರು ಮಾತ್ರ ಹೀಗೆ ಯೋಚಿಸಬಲ್ಲರು. ನಮ್ಮ ಹಾಸ್ಟೆಲುಗಳಲ್ಲಿ ಫೋನಿನ ಎಡಿಟರಿನಲ್ಲಿಯೇ ಕೋಡು ಬರೆದು ಕಲಿಯುತ್ತಿರುವ ಹುಡುಗ ಹುಡುಗಿಯರನ್ನು ನಾನು ದಿನವೂ ನೋಡುತ್ತೇನೆ. ವಾರಕ್ಕೆ ಎರಡು ಗಂಟೆ ಪ್ರಯೋಗಾಲಯದ ಕಂಪ್ಯೂಟರು. ಉಳಿದ ಹೊತ್ತೆಲ್ಲ ಫೋನು. ಪ್ರಯೋಗಾಲಯದಲ್ಲಿ ಹೊಳೆಯದ ಪ್ರಶ್ನೆ ಅವರಿಗೆ ರಾತ್ರಿ ಹತ್ತಕ್ಕೆ ಹೊಳೆಯುತ್ತದೆ. ಆಗ ತಿರುವಿ ನೋಡಲು ಅವರ ಬಳಿ ಏನೂ ಇರುವುದಿಲ್ಲ. ಪ್ರಶ್ನೆ ಬೆಳಗಿನ ತನಕ ಉಳಿಯುವುದೂ ಇಲ್ಲ.

7

ಬರಿಯ ಆಕ್ಷೇಪಣೆ ವಿಮರ್ಶೆಯಾಗದು. ಏನು ಬೇಕೆಂದೂ ಹೇಳಬೇಕು. ಕಂಪ್ಯೂಟರಿನ ಫಲಕವನ್ನು ಹಾಗೆಯೇ ಕುಗ್ಗಿಸಿ ಫೋನಿಗೆ ತುರುಕಬೇಕೆಂದು ನಾನು ಕೇಳುತ್ತಿಲ್ಲ. ಕಿವಿಯ ಅನುಭವ ಅದು ಸಾಲದೆಂದು ತೋರಿಸಿಕೊಟ್ಟಿದೆ. ಬೇಕಾದದ್ದು ಮೂರೇ.

ಪುಟದ ಯಾವುದೇ ಭಾಗದ ಮೇಲೆ ಬೆರಳು ಒತ್ತಿ ಹಿಡಿದಾಗ, ನಕಲು, ಹಂಚಿಕೆಗಳ ಜೊತೆಗೆ ‘ಇದನ್ನು ಪರಿಶೀಲಿಸು’ ಎಂಬ ಒಂದು ಸಾಲು. ಅದನ್ನು ಮುಟ್ಟಿದರೆ ಪರದೆಯ ಕೆಳಗಿನ ಅರ್ಧದಲ್ಲಿ ಆ ಒಂದು ಭಾಗದ ವಿವರ ಮಾತ್ರ: ಅಕ್ಷರರೂಪ, ಅಳತೆ, ಸಾಲಿನ ಎತ್ತರ, ಬಣ್ಣ, ಅದಕ್ಕೆ ಕಾರಣವಾದ ನಿಯಮ. ಅಂಕಿಯನ್ನು ಬದಲಿಸಿದರೆ ಮೇಲಿನ ಅರ್ಧದಲ್ಲಿ ಪುಟ ಕೂಡಲೇ ಬದಲಾಗಬೇಕು. ಇದು ಮೊದಲನೆಯದು.

ಪುಟ ಏನೇನು ತರಿಸಿಕೊಂಡಿತು, ಯಾವುದು ಬರಲಿಲ್ಲ, ಯಾವುದು ಎಷ್ಟು ಡೇಟಾ ತಿಂದಿತು ಎಂಬ ಒಂದು ಸರಳ ಪಟ್ಟಿ. ಇದು ಕಲಿಯುವವರಿಗೆ ಮಾತ್ರವಲ್ಲ, ದಿನದ ಡೇಟಾ ಸಂಜೆಗೇ ಮುಗಿದುಹೋಯಿತಲ್ಲ ಎಂದು ಕೊರಗುವ ಎಲ್ಲರಿಗೂ ಬೇಕಾದದ್ದು. ಇದು ಎರಡನೆಯದು.

ಮೂರನೆಯದು, ಕಂಡ ದೋಷವನ್ನು ಇದ್ದಂತೆಯೇ ಇನ್ನೊಬ್ಬರಿಗೆ ಕಳಿಸುವ ಸೌಕರ್ಯ. ಯಾವ ಫೋನು, ಯಾವ ಬ್ರೌಸರು, ಪರದೆಯ ಅಳತೆ ಎಷ್ಟು, ಯಾವ ನಿಯಮ, ಯಾವ ದೋಷಸಂದೇಶ ಎಂಬುದೆಲ್ಲ ಅದರಲ್ಲಿರಬೇಕು. ಪಾಸ್‌ವರ್ಡು, ಕುಕಿ ಮುಂತಾದ ಖಾಸಗಿ ವಿವರಗಳನ್ನು ಬ್ರೌಸರೇ ತೆಗೆದುಹಾಕಿರಬೇಕು. ಆಗ ಸಹಾಯವಾಣಿಯ ಆಚೆಗಿನವನು “ನಮ್ಮಲ್ಲಿ ಸರಿಯಾಗಿ ಬರುತ್ತಿದೆ” ಎಂದು ಹೇಳಿ ಕೈತೊಳೆದುಕೊಳ್ಳಲಾರ.

ಇದರಿಂದ ಫೋನು ಹಿಡಿದವರೆಲ್ಲ ಪುಟ ಕಟ್ಟುವವರಾಗುತ್ತಾರೆಂಬ ಭ್ರಮೆ ನನಗಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಆ ಸಾಲನ್ನು ಮುಟ್ಟಲಿಕ್ಕಿಲ್ಲ. ಕಂಪ್ಯೂಟರಿನಲ್ಲಿಯೂ ವ್ಯೂ ಸೋರ್ಸನ್ನು ಎಲ್ಲರೂ ಮುಟ್ಟಲಿಲ್ಲ. ಮುಟ್ಟಿದ ಆ ಒಬ್ಬ ಯಾರಾಗಿರುತ್ತಾನೆ, ಯಾವ ಊರಿನವನಾಗಿರುತ್ತಾನೆ, ಅವನ ಮನೆಯಲ್ಲಿ ಕಂಪ್ಯೂಟರಿದೆಯೇ ಎಂಬುದನ್ನು ಮೊದಲೇ ಹೇಳಲು ಯಾರಿಗೂ ಬರುವುದಿಲ್ಲ. ಹಾಗೆ ಹೇಳಲು ಬರುವುದಿಲ್ಲವೆಂಬ ಕಾರಣಕ್ಕಾಗಿಯೇ ಆ ಸಾಲು ಎಲ್ಲರ ಫೋನಿನಲ್ಲಿಯೂ ಇರಬೇಕು.